ಚೆರೆಹಾನಿ: ಪೂರ್ವ ಆಫ್ರಿಕಾದ ಕಸುಬು ಕಲಿಕೆ ಕೇಂದ್ರಗಳ ತುಳಿಯುವ ಹೊಲಿಗೆ ಮಷಿನ್ ಎಷ್ಟು ಬಾಳುತ್ತದೆ?

ಕೀನ್ಯಾ, ಉಗಾಂಡ, ಟಾಂಜಾನಿಯಾಗಳಲ್ಲಿ ಅನಾಥ ಮಕ್ಕಳಿಗೆ ಕಸುಬು ಕಲಿಸುವ ಕೇಂದ್ರಗಳಲ್ಲಿ ಎದ್ದು ಕಾಣುವ ಸಾಮಾನೆಂದರೆ ಕಪ್ಪು ಮೈಯ ಮೇಲೆ ಹೊಂಬಣ್ಣದ ಚಿತ್ತಾರವಿರುವ, ಕಾಲಲ್ಲಿ ತುಳಿಯುವ ಹೊಲಿಗೆ ಮಷಿನ್. ಸ್ವಾಹಿಲಿಯಲ್ಲಿ ಅದರ ಹೆಸರು ಚೆರೆಹಾನಿ. ಹೊಲಿಯುವವರನ್ನು ಫುಂಡಿ ಎನ್ನುತ್ತಾರೆ. ಬಡಗಿಯೂ ಗಾರೆಯವನೂ ಅಲ್ಲಿ ಫುಂಡಿಯೇ. ಕೈಯಲ್ಲಿ ಕಸುಬಿದ್ದವರಿಗೆಲ್ಲ ಸಲ್ಲುವ ಗೌರವದ ಮಾತು ಅದು. ನೈರೋಬಿ, ಕಂಪಾಲಾ, ದಾರ್ ಎಸ್ ಸಲಾಮ್‌ಗಳಲ್ಲಿ ನೆಲೆಸಿರುವ ಕನ್ನಡಿಗರಾಗಲಿ, ಇಲ್ಲಿಂದಲೇ ದುಡ್ಡು ಕಳಿಸುವವರಾಗಲಿ, ಇಂಥ ಕೇಂದ್ರಕ್ಕೆ ಏನಾದರೂ ಕೊಡಬೇಕು ಅನ್ನಿಸಿದಾಗ ಮೊದಲು ಯೋಚಿಸುವುದು ಇದನ್ನೇ. ಹತ್ತು ಮಷಿನ್ ಕೊಡಿಸಿದರೆ ಹತ್ತು ಮಕ್ಕಳ ಬದುಕಿಗೆ ದಾರಿಯಾಯಿತು ಎಂಬ ಲೆಕ್ಕ.

ಮಷಿನ್ ನಿಜಕ್ಕೂ ಒಳ್ಳೆಯದು, ಕೊಡಿಸಲು ಯೋಗ್ಯವಾದದ್ದು. ಆದರೆ ಕಾರ್ಖಾನೆಯ ಪೆಟ್ಟಿಗೆಯೊಳಗೆ ಬರುವ ಸಾಮಾನಷ್ಟನ್ನೇ ಕೊಟ್ಟರೆ ಅದು ಬಹುಕಾಲ ಓಡುವುದಿಲ್ಲ. ಎಣ್ಣೆ, ಸೂಜಿ, ಬೆಲ್ಟು, ಇಸ್ತ್ರಿ ಪೆಟ್ಟಿಗೆ, ರಿಪೇರಿಯ ಪಾಠ ಇವಿಷ್ಟೂ ಸೇರಿದಾಗಲೇ ಅದು ಕಸುಬಿನ ಮಷಿನ್. ಇವಕ್ಕೆ ದುಡ್ಡು ಸಾಲದಿದ್ದರೆ ಹತ್ತರ ಬದಲು ಆರು ಮಷಿನ್ ಕೊಡಿ, ಉಳಿದದ್ದನ್ನು ಇವಕ್ಕೆ ಇಡಿ.

ಈ ವಿಮರ್ಶೆ ಒಂದೇ ಕಂಪನಿಯ ಮಾಲಿನದ್ದಲ್ಲ, ಒಂದು ವಿನ್ಯಾಸದ್ದು. 19ನೇ ಶತಮಾನದ ಕೊನೆಯ ಭಾಗದಲ್ಲಿ ಸಿಂಗರ್ ಕಂಪನಿ ರೂಪಿಸಿದ 15ನೇ ವರ್ಗದ ಮಷಿನ್ ಇದರ ಮೂಲ. ಎರಡನೇ ಮಹಾಯುದ್ಧದ ನಂತರ ಜಪಾನಿನವರು, ಆಮೇಲೆ ಚೀನಾದವರು ಅದೇ ಅಳತೆಯಲ್ಲಿ ಮಾಡತೊಡಗಿದರು. ಶಾಂಘೈಯ ಬಟರ್‌ಫ್ಲೈ ಆಫ್ರಿಕಾದಲ್ಲಿ ಮನೆಮಾತಾದ ಹೆಸರು. ನಮ್ಮೂರ ಟೈಲರ್ ಅಂಗಡಿಯ ಕಪ್ಪು ಮಷಿನ್‌ಗೂ ಇದಕ್ಕೂ ದಾಯಾದಿ ಸಂಬಂಧ. ಹಾಗಾಗಿ ಒಂದನ್ನು ತುಳಿದು ಗೊತ್ತಿದ್ದವರು ಇನ್ನೊಂದರ ಮುಂದೆ ತಡವರಿಸುವುದಿಲ್ಲ.

ಇದರ ದೊಡ್ಡ ಗುಣವೇ ಈ ಹಳೆಯತನ. ಕೆಳದಾರ ಸುತ್ತುವ ಬಾಬಿನ್, ಅದು ಕೂರುವ ಬಾಬಿನ್ ಕೇಸ್, ಮೇಲಿನ ದಾರದ ಕುಣಿಕೆ ಹಿಡಿಯುವ ಶಟಲ್, ಸೂಜಿ ಎಲ್ಲಕ್ಕೂ ಒಂದೇ ಅಳತೆ. ಒಂದು ಹೆಸರಿನ ಮಷಿನ್‌ಗೆ ಇನ್ನೊಂದು ಹೆಸರಿನ ಬಿಡಿಭಾಗ ಬಹುಪಾಲು ಕೂರುತ್ತದೆ. ಕರೆಂಟು ಬೇಡ. ಒಳಗೆ ಪ್ಲಾಸ್ಟಿಕ್ ಗೇರು, ಎಲೆಕ್ಟ್ರಾನಿಕ್ ಬೋರ್ಡು ಇಲ್ಲ. ತಲೆಭಾಗವೇ 11-12 ಕಿಲೋ ತೂಗುವ ಬೀಡುಕಬ್ಬಿಣ. ಎಣ್ಣೆ ಕಾಣಿಸುತ್ತಿದ್ದರೆ ಒಂದು ತಲೆಮಾರು ಆರಾಮವಾಗಿ ಬಾಳುತ್ತದೆ. ದೊಡ್ಡ ಕೊರತೆಯೆಂದರೆ ನೇರ ಹೊಲಿಗೆ ಬಿಟ್ಟರೆ ಬೇರೇನೂ ಬರುವುದಿಲ್ಲ. ಜಿಗ್‌ಜಾಗ್ ಇಲ್ಲ, ಓವರ್‌ಲಾಕ್ ಇಲ್ಲ, ಕಾಜ ಇಲ್ಲ. ಬಟ್ಟೆಯ ಅಂಚು ನೂಲು ಬಿಡದಂತೆ ಮಾಡಬೇಕಾದರೆ ಅಂಚನ್ನು ಒಳಗೆ ಮಡಿಸಿ ಎರಡು ಸಲ ಹೊಲಿಯಬೇಕು, ಕಾಜವನ್ನು ಕೈಯಲ್ಲೇ ತೆಗೆಯಬೇಕು. ಕಲಿಯುವವರಿಗೆ ಇದು ತೊಡಕಲ್ಲ ಅನ್ನುವುದು ನಮ್ಮ ಅಭಿಪ್ರಾಯ. ಎರಡು ಸಲ ಮಡಿಸಿ ಹೊಲಿದ ಸಮವಸ್ತ್ರದ ಚಡ್ಡಿ ಓವರ್‌ಲಾಕ್ ಚಡ್ಡಿಗಿಂತ ಗಟ್ಟಿ ಎಂಬುದು ಕೊಳ್ಳುವ ತಾಯಂದಿರಿಗೂ ಗೊತ್ತು. ಹಿಂದಕ್ಕೆ ಹೊಲಿಯುವ ಲಿವರ್ ಇರುವ ಮಾದರಿಯೂ ಇದೆ, ಇಲ್ಲದ್ದೂ ಇದೆ. ಇರುವುದನ್ನೇ ಆರಿಸಿ, ಜೇಬಿನ ತುದಿ ಭದ್ರ ಮಾಡಲು ದಿನಕ್ಕೆ ನೂರು ಸಲ ಬೇಕಾಗುತ್ತದೆ.

ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಬರುವುದು ಮೂರ್ನಾಲ್ಕು ಬಾಬಿನ್, ಒಂದು ಪೊಟ್ಟಣ ಸೂಜಿ, ಎರಡು ಸ್ಕ್ರೂಡ್ರೈವರ್, ಒಂದು ಪುಟ್ಟ ಎಣ್ಣೆ ಡಬ್ಬಿ. ಹೊಸದಾಗಿ ಕಲಿಯುವವರ ಕೈಯಲ್ಲಿ ಆ ಸೂಜಿಗಳು ಮೊದಲ ವಾರಕ್ಕೇ ಮುಗಿಯುತ್ತವೆ. ಪ್ರತಿ ಮಷಿನ್ ಜೊತೆ 14ನೇ ನಂಬರಿನ ಹತ್ತು, 16ರ ಹತ್ತು ಸೂಜಿ, ಹತ್ತು ಲೋಹದ ಬಾಬಿನ್, ಒಂದು ಹೆಚ್ಚುವರಿ ಬಾಬಿನ್ ಕೇಸ್, ಒಂದು ಚರ್ಮದ ಬೆಲ್ಟು, ನಾಲ್ಕು ಬೆಲ್ಟು ಕೊಂಡಿ, ಟೆನ್ಷನ್ ಸ್ಪ್ರಿಂಗ್ ಒಂದು, 100 ಮಿ.ಲೀ. ಮಷಿನ್ ಎಣ್ಣೆ, ಒಂದು ಗಟ್ಟಿ ಬ್ರಷ್ ಇಡಿ. ಸಾಧಾರಣ ಹತ್ತಿ ಬಟ್ಟೆಗೂ ಕಿಟೆಂಗೆ ಎಂಬ ಅಲ್ಲಿನ ಬಣ್ಣಬಣ್ಣದ ಅಚ್ಚಿನ ಬಟ್ಟೆಗೂ 14 ಸಾಕು, ಸಮವಸ್ತ್ರದ ದಪ್ಪ ಖಾಕಿಗೆ 16 ಬೇಕು.

ಸೂಜಿ ಕೊಳ್ಳುವಾಗ ಒಂದು ಎಚ್ಚರಿಕೆ. ಅಂಗಡಿಯಲ್ಲಿ ಎರಡು ಜಾತಿಯ ಸೂಜಿ ಪಕ್ಕಪಕ್ಕದಲ್ಲೇ ಇರುತ್ತವೆ. ನಮಗೆ ಬೇಕಾದದ್ದು ಎಚ್ಎ×1, ಅಂದರೆ ಬುಡದ ಒಂದು ಮಗ್ಗುಲು ಚಪ್ಪಟೆಯಾಗಿರುವುದು. ಕಾರ್ಖಾನೆ ಮಷಿನ್‌ಗಳ ಡಿಬಿ×1 ಸೂಜಿಯ ಬುಡ ಪೂರ್ತಿ ಗುಂಡಗೆ. ಅದನ್ನು ಹೇಗಾದರೂ ತುರುಕಿ ಸ್ಕ್ರೂ ಬಿಗಿಯಬಹುದು, ಆದರೆ ಹೊಲಿಗೆ ಬಿಡುತ್ತಲೇ ಹೋಗುತ್ತದೆ. ಮಷಿನ್ ಕೆಟ್ಟಿದೆ ಎಂದು ಮೂಲೆಗಿಟ್ಟಲ್ಲೆಲ್ಲ ಮೊದಲು ನೋಡಬೇಕಾದದ್ದು ಸೂಜಿಯ ಬುಡವನ್ನು. ಚಪ್ಪಟೆ ಮಗ್ಗುಲು ಯಾವ ಕಡೆಗಿರಬೇಕು ಎಂದು ಗೊಂದಲವಾದರೆ ಸೂಜಿಯ ಉದ್ದಕ್ಕೂ ಇರುವ ಗೀರನ್ನು ನೋಡಿ. ದಾರ ಕಣ್ಣಿನೊಳಗೆ ಹೋಗುವುದು ಆ ಗೀರಿನ ಕಡೆಯಿಂದ, ಚಪ್ಪಟೆ ಇರುವುದು ಅದರ ಎದುರು ಕಡೆ.

ಕೆಡುವುದು ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಮಷಿನ್ ಬಗ್ಗೆ ಬರುವ ದೂರುಗಳಲ್ಲಿ ಬಹುಪಾಲು ಮಷಿನ್‌ನ ದೋಷವೇ ಅಲ್ಲ.

ಬಟ್ಟೆಯ ಅಡಿಯಲ್ಲಿ ದಾರ ಗುಬ್ಬಿಗೂಡಿನ ಹಾಗೆ ಸಿಕ್ಕಾಗುವುದು ಮೊದಲ ದೂರು. ಸಿಕ್ಕು ಕೆಳಗೆ ಕಾಣುವುದರಿಂದ ಎಲ್ಲರೂ ಬಾಬಿನ್ ಕೇಸಿನ ಪುಟ್ಟ ಸ್ಕ್ರೂವನ್ನು ತಿರುಗಿಸಲು ಹೊರಡುತ್ತಾರೆ. ಕಾರಣ ಇರುವುದು ಮೇಲೆ. ದಾರ ಟೆನ್ಷನ್ ಬಿಲ್ಲೆಗಳ ನಡುವೆ ಕೂತಿರುವುದಿಲ್ಲ. ಬಟ್ಟೆಯನ್ನು ಒತ್ತಿ ಹಿಡಿಯುವ ಮಷಿನ್ ಪಾದ ಕೆಳಗಿಳಿದಿದ್ದಾಗ ಬಿಲ್ಲೆಗಳು ಬಿಗಿಯಾಗಿ ಮುಚ್ಚಿರುತ್ತವೆ, ದಾರ ಅಂಚಿನ ಮೇಲೆಯೇ ಜಾರಿಹೋಗುತ್ತದೆ. ಪಾದ ಎತ್ತಿ, ದಾರ ಪೋಣಿಸಿ, ಪಾದ ಇಳಿಸಿ ದಾರ ಎಳೆದು ನೋಡಿ; ಬಿಗಿ ಕೈಗೆ ತಿಳಿಯಬೇಕು. ಕೆಳದಾರದ ಬಿಗಿ ನೋಡಲು ಬಾಬಿನ್ ಕೇಸನ್ನು ದಾರದ ತುದಿಯಲ್ಲಿ ಹಿಡಿದು ತೂಗುಬಿಡಿ. ತಾನಾಗಿ ಕೆಳಗಿಳಿದರೆ ಸಡಿಲ. ಕೈ ಕೊಡವಿದರೂ ಅಲ್ಲಾಡದಿದ್ದರೆ ಬಿಗಿ. ಕೊಡವಿದಾಗ ಎರಡು ಬೆರಳಷ್ಟು ಇಳಿದು ನಿಂತರೆ ಸರಿ. ಸ್ಕ್ರೂ ತಿರುಗಿಸಲೇಬೇಕಾದರೆ ಒಂದು ಸಲಕ್ಕೆ ಗಡಿಯಾರದ ಮುಳ್ಳು ಐದು ನಿಮಿಷ ಸರಿದಷ್ಟು ಮಾತ್ರ.

ಸೂಜಿ ಮುರಿಯುವುದಕ್ಕೆ ಒಂದು ಕಾರಣ ಬಾಬಿನ್ ಕೇಸು. ಅದನ್ನು ಒಳಗೆ ತಳ್ಳಿದಾಗ ಟಕ್ ಎಂದು ಸದ್ದಾಗಬೇಕು, ಅದರ ಬೆರಳು ಕಚ್ಚಿನಲ್ಲಿ ಕೂರಬೇಕು. ಸದ್ದಾಗದಿದ್ದರೆ ಮೊದಲ ಹೊಲಿಗೆಗೇ ಕೇಸು ಜಾರಿ ಸೂಜಿಗೆ ಅಡ್ಡ ಬರುತ್ತದೆ. ಇನ್ನೊಂದು ಕಾರಣ ಬಟ್ಟೆಯನ್ನು ಹಿಂದಿನಿಂದ ಎಳೆಯುವುದು. ಬಟ್ಟೆ ಮುಂದೆ ಸಾಗಿಸುವುದು ಕೆಳಗಿನ ಹಲ್ಲಿನ ಕೆಲಸ, ಕೈ ಬರೀ ದಾರಿ ತೋರಿಸಬೇಕು. ದಾರ ಕಡಿಯುವುದು, ಗಂಟಾಗುವುದು ಚಕ್ರ ಹಿಂದುಮುಂದಾದಾಗ. ಬಲಗಡೆಯ ಕೈಚಕ್ರ ಯಾವಾಗಲೂ ಹೊಲಿಯುವವರ ಕಡೆಗೆ ತಿರುಗಬೇಕು.

ಸೂಜಿ ಸರಿಯಿದ್ದು, ಪೋಣಿಸಿದ್ದೂ ಸರಿಯಿದ್ದು ಹೊಲಿಗೆ ಬಿಡುತ್ತಿದ್ದರೆ ಮಾತ್ರ ಟೈಮಿಂಗ್ ನೋಡಬೇಕು. ಸೂಜಿ ಪೂರ್ತಿ ಕೆಳಗಿಳಿದು ಮತ್ತೆ ಸುಮಾರು 2 ಮಿ.ಮೀ. ಮೇಲೆದ್ದಾಗ ಶಟಲ್‌ನ ಮೊನೆ ಸೂಜಿಯ ಕಣ್ಣಿಗಿಂತ ತುಸು ಮೇಲೆ ಹಾದು ದಾರದ ಕುಣಿಕೆಯನ್ನು ಹಿಡಿಯಬೇಕು. ಸೂಜಿಕಂಬಿ ಜಾರಿದ್ದರೆ ಎಡಬದಿಯ ಮುಖತಟ್ಟೆ ತೆಗೆದು, ಒಳಗಿನ ಒಂದೇ ಸ್ಕ್ರೂ ಸಡಿಲಿಸಿ ಎತ್ತರ ಸರಿಮಾಡಬಹುದು. ಅರ್ಧ ಗಂಟೆಯ ಪಾಠ ಇದು. ಇದನ್ನು ಬಲ್ಲ ಒಬ್ಬಳಾದರೂ ಊರಿನಲ್ಲಿದ್ದರೆ ಸುತ್ತಲಿನ ಮಷಿನ್‌ಗಳೆಲ್ಲ ಓಡುತ್ತಿರುತ್ತವೆ, ಅವಳಿಗೂ ನಾಲ್ಕು ಕಾಸು ಹುಟ್ಟುತ್ತದೆ.

ಇನ್ನು ಧೂಳು. ನಮ್ಮ ರಸ್ತೆ ಗುತ್ತಿಗೆದಾರರು ಮೊರಂ ಅನ್ನುತ್ತಾರಲ್ಲ, ಆ ಕೆಂಪು ಮಣ್ಣಿಗೆ ಪೂರ್ವ ಆಫ್ರಿಕಾದಲ್ಲೂ ಮುರ್ರಂ ಎಂದೇ ಹೆಸರು. ಮಳೆಯಿಲ್ಲದ ತಿಂಗಳುಗಳಲ್ಲಿ ಅದು ಹಿಟ್ಟಿನ ಹಾಗೆ ಎದ್ದು ಎಲ್ಲದರ ಮೇಲೂ ಕೂರುತ್ತದೆ. ಸೂಜಿತಟ್ಟೆಯ ಎರಡು ಸ್ಕ್ರೂ ಬಿಚ್ಚಿ ನೋಡಿದರೆ ಹಲ್ಲುಗಳ ಸಂದಿಯಲ್ಲಿ ಬಟ್ಟೆಯ ನೂಲುಧೂಳು, ಎಣ್ಣೆ, ಕೆಮ್ಮಣ್ಣು ಮೂರೂ ಸೇರಿ ಒತ್ತಿಟ್ಟ ಕಂಬಳಿ ಚೂರಿನಂಥ ಪದರ ಕಟ್ಟಿರುತ್ತದೆ. ಹಲ್ಲು ಮೇಲೆದ್ದು ಬಟ್ಟೆ ಹಿಡಿಯಲು ಅದು ಬಿಡುವುದಿಲ್ಲ. ಹೊಲಿಗೆ ಒಂದೇ ಕಡೆ ಗುಡ್ಡೆಯಾಗುತ್ತದೆ. ಎಣ್ಣೆಗೆ ಬೆರೆತ ಮಣ್ಣು ಶಟಲ್ ಓಡುವ ದಾರಿಯಲ್ಲಿ ಸಾಣೆ ಹಿಡಿದ ಹಾಗೆ ಲೋಹವನ್ನು ತಿನ್ನುತ್ತದೆ. ದಿನಾ ಸಂಜೆ ಬ್ರಷ್ಷಿನಿಂದ ತೆಗೆಯಬೇಕು. ವಾರಕ್ಕೊಮ್ಮೆ ಎರಡು ಕೊಂಡಿ ತಿರುಗಿಸಿ ಉಂಗುರ ಬಿಚ್ಚಿ, ಶಟಲ್ ಹೊರತೆಗೆದು, ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಒಂದೇ ಹನಿ ಎಣ್ಣೆ ಬಿಟ್ಟು ಕೂರಿಸಬೇಕು. ಚಕ್ರ ಇದ್ದಕ್ಕಿದ್ದಂತೆ ಅಲುಗಾಡದೆ ನಿಂತರೆ ಆ ಉಂಗುರದೊಳಗೆ ತುಂಡು ದಾರ ಸಿಕ್ಕಿಕೊಂಡಿದೆ ಎಂದೇ ಮೊದಲು ಅನುಮಾನಿಸಿ. ರಾತ್ರಿ ಮುಚ್ಚಲು ಹಳೆ ಕಿಟೆಂಗೆಯ ಮುಸುಕು ಸಾಕು. ಮೊದಲ ವಾರದ ಹೊಲಿಗೆ ಪಾಠ ಆ ಮುಸುಕೇ ಆಗಲಿ.

ಎಣ್ಣೆಯ ವಿಷಯಕ್ಕೆ ಬಂದರೆ, ಅಡುಗೆ ಎಣ್ಣೆ ಬಿಟ್ಟ ಮಷಿನ್ ಕೆಲವೇ ವಾರಗಳಲ್ಲಿ ಅಂಟಾಗಿ ಬಿಗಿಯುತ್ತದೆ. ಒಣಗಿದ ಎಣ್ಣೆ ವಾರ್ನಿಷ್ ಆಗುತ್ತದೆ. ಬೋಡಾಬೋಡಾ ಎಂಬ ಬಾಡಿಗೆ ಬೈಕಿನ ಎಂಜಿನ್ ಆಯಿಲ್ ವಿಪರೀತ ಮಂದ. ಇಂಥದ್ದರಲ್ಲಿ ಕಚ್ಚಿಕೊಂಡ ಮಷಿನ್ ಸತ್ತಿಲ್ಲ. ತೂತುಗಳಿಗೆಲ್ಲ ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಕೈಚಕ್ರವನ್ನು ಹಿಂದೆಮುಂದೆ ಆಡಿಸಿ, ಸಡಿಲವಾದ ಮೇಲೆ ಸರಿಯಾದ ಎಣ್ಣೆ ಬಿಟ್ಟರೆ ಹೆಚ್ಚಿನವು ಮತ್ತೆ ಓಡುತ್ತವೆ.

ಬೆಲ್ಟು ಹಿಗ್ಗುವುದು ಸಹಜ. ಒಂದು ಸೆಂ.ಮೀ.ಯಷ್ಟು ಮಾತ್ರ ಕತ್ತರಿಸಿ ಕೊಂಡಿ ಹಾಕಿ. ಒಂದೇ ಸಲ ಹೆಚ್ಚು ಕತ್ತರಿಸಿದರೆ ತುಳಿಯುವುದು ಭಾರವಾಗಿ ಮೊಣಕಾಲು ನೋಯುತ್ತದೆ, ಬೇರಿಂಗೂ ಸವೆಯುತ್ತದೆ. ಮಣ್ಣಿನ ನೆಲದಲ್ಲಿ ಸ್ಟ್ಯಾಂಡು ಒಲೆದಾಡುತ್ತದೆ, ಕುಂಟುವ ಕಾಲಿನಡಿಗೆ ಚಪ್ಪಟೆ ಕಲ್ಲು ಕೊಡಿ. ಮೇಲಿನ ಹಲಗೆ ಅಗ್ಗದ ಪುಡಿಹಲಗೆಯದ್ದಾಗಿದ್ದರೆ ಮಳೆಗಾಲದಲ್ಲಿ ಉಬ್ಬಿ ತಲೆಭಾಗದ ಕೀಲು ಕಳಚುತ್ತದೆ. ಈ ಮಷಿನ್‌ಗಳ ನಿಜವಾದ ದೋಷ ಇದೊಂದೇ ಎನ್ನಬಹುದು. ಊರಿನ ಬಡಗಿ ಫುಂಡಿಯಿಂದ ಗಟ್ಟಿಮರದ ಹಲಗೆ ಮಾಡಿಸಿ. ಪಕ್ಕದ ಕೊಠಡಿಯಲ್ಲಿ ಬಡಗಿ ಕೆಲಸ ಕಲಿಯುವ ಹುಡುಗರಿದ್ದರೆ ಅವರಿಗೂ ಪಾಠವಾಯಿತು.

ಇಸ್ತ್ರಿಯನ್ನು ಯಾರೂ ನೆನಪಿಡುವುದಿಲ್ಲ. ಕಾಲರ್ ನಿಲ್ಲುವುದು, ಮಡಿಕೆ ಕೂರುವುದು, ಜೇಬು ನೆಟ್ಟಗೆ ಬರುವುದು ಇಸ್ತ್ರಿಯಿಂದ. ಇದ್ದಿಲು ಹಾಕುವ ಪೆಟ್ಟಿಗೆ ಅಲ್ಲಿನ ಸಂತೆಯಲ್ಲೇ ಸಿಗುತ್ತದೆ, ಐದು ಮಂದಿಗೆ ಒಂದಿರಲಿ. ಇನ್ನೊಂದು ಕಾರಣವೂ ಇದೆ. ಆ ಸೀಮೆಯ ಮ್ಯಾಂಗೋ ಫ್ಲೈ ಎಂಬ ನೊಣ ಹೊರಗೆ ಒಣಹಾಕಿದ ಬಟ್ಟೆಯಲ್ಲಿ ಮೊಟ್ಟೆ ಇಡುತ್ತದೆ, ಮರಿಹುಳು ಚರ್ಮದೊಳಗೆ ಇಳಿದು ಕುರು ಏಳಿಸುತ್ತದೆ. ಒಗೆದ ಬಟ್ಟೆಯನ್ನು ಎರಡೂ ಮಗ್ಗುಲು ಬಿಸಿ ಮುಟ್ಟುವಂತೆ ಇಸ್ತ್ರಿ ಮಾಡುವುದು ಅಲ್ಲಿ ಅಂದಕ್ಕಷ್ಟೇ ಅಲ್ಲ.

ತರಗತಿ ಹೇಗಿರಬೇಕು? 20 ಮಂದಿಗೆ 10 ಮಷಿನ್ ಓಡಬೇಕು, ಹನ್ನೊಂದನೆಯದು ಬಿಚ್ಚಿ ಜೋಡಿಸಿ ಕಲಿಯಲು. ಮೊದಲ ಮೂರು ದಿನ ಸೂಜಿ, ದಾರ ಎರಡೂ ಇಲ್ಲದೆ ತುಳಿಯುವ ಅಭ್ಯಾಸ. ಆಮೇಲೆ ದಾರವಿಲ್ಲದ ಹಳೆ ಸೂಜಿ ಹಾಕಿ, ಗೆರೆ ಎಳೆದ ಕಾಗದದ ಮೇಲೆ ನೇರ ಗೆರೆ, ಚೌಕದ ಮೂಲೆ, ಸುರುಳಿ. ತೂತುಗಳ ಸಾಲು ಗೆರೆ ಬಿಟ್ಟು ಹೋಗದಿದ್ದರೆ ಬಟ್ಟೆ ಕೊಡಿ. ದಿಂಬಿನ ಚೀಲ, ಲಾಡಿ ಚೀಲ, ಎಲಾಸ್ಟಿಕ್ ಲಂಗ, ಆಮೇಲೆ ಜೇಬಿನ ಚಡ್ಡಿ, ಕೊನೆಗೆ ಕಾಲರ್ ಅಂಗಿ. ಆರು ತಿಂಗಳಿಗಿಂತ ಕಡಿಮೆಯ ಕೋರ್ಸಿನಲ್ಲಿ ಕಾಲರ್‌ವರೆಗೆ ಹೋಗುವುದು ಕಷ್ಟ. ಕಾಲರ್ ಬಾರದವಳಿಗೆ ಸಮವಸ್ತ್ರದ ಆರ್ಡರ್ ಸಿಗುವುದಿಲ್ಲ.

ಹೊಲಿಗೆಗಿಂತ ಹೆಚ್ಚು ಬಟ್ಟೆ ಕೆಡುವುದು ಕತ್ತರಿಸುವಾಗ. ಎದೆಯಳತೆ 28 ಇಂಚಿನ ಮಗುವಿನ ಅಂಗಿ ಎಂದುಕೊಳ್ಳಿ. ನಾಲ್ಕನೇ ಒಂದು ಪಾಲು 7, ಬೆಳೆಯುವ ಮೈಗೆ ಸಡಿಲ ಒಂದೂವರೆ, ಹೊಲಿಗೆಗೆ ಅರ್ಧ. ಮಡಿಸಿದ ಬಟ್ಟೆಯ ಮೇಲೆ 9 ಇಂಚಿಗೆ ಗುರುತು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಹುಡುಗಿಗೆ ಈ ಭಾಗಾಕಾರ, ಟೇಪಿನ ಮೇಲಿನ ಕಾಲಿಂಚು ಅರೆಕಾಲಿಂಚು ಎರಡೂ ಬೆಟ್ಟದಂತೆ ಕಾಣುತ್ತವೆ. ಅದಕ್ಕೇ ದಿನಕ್ಕೊಂದು ಗಂಟೆ ಲೆಕ್ಕ, ಓದು ಇರುವ ಕೇಂದ್ರಕ್ಕೇ ಮಷಿನ್ ಕೊಡಿ. ಕೀನ್ಯಾದಲ್ಲಾದರೆ ನೀಟಾ ಎಂಬ ಸರ್ಕಾರಿ ಸಂಸ್ಥೆಯ ಗ್ರೇಡ್ 3, ಟಾಂಜಾನಿಯಾದಲ್ಲಿ ವೇಟಾ ಎಂಬ ಸಂಸ್ಥೆಯ, ಉಗಾಂಡದಲ್ಲಿ ಸರ್ಕಾರದ ಕಸುಬು ಪರೀಕ್ಷೆಗೆ ಮಕ್ಕಳನ್ನು ಕೂರಿಸುತ್ತಾರೆಯೇ ಎಂದೂ ಕೇಳಿ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳನ್ನು ಮಷಿನ್ ಮುಂದೆ ಕೂರಿಸುವ ಕೇಂದ್ರಕ್ಕೆ ಏನನ್ನೂ ಕೊಡಬೇಡಿ. ಅವರಿಗೆ ಬೇಕಾದದ್ದು ಪುಸ್ತಕ, ಸಮವಸ್ತ್ರ. ಪಶ್ಚಿಮ ಕೀನ್ಯಾದಲ್ಲಿ ನಡೆದ ಅಧ್ಯಯನವೊಂದರಲ್ಲಿ ಸಮವಸ್ತ್ರ ಉಚಿತವಾಗಿ ಕೊಟ್ಟಿದ್ದರಿಂದಲೇ ಶಾಲೆ ಬಿಡುವವರು ಕಡಿಮೆಯಾದರು.

ಸಂಪಾದನೆಯ ದಾರಿ ಯಾವುದು ಎಂದು ಮೊದಲೇ ನೋಡಿಕೊಳ್ಳಬೇಕು. ದಿನಬಳಕೆಯ ಬಟ್ಟೆಯನ್ನು ಅಲ್ಲಿ ಹೊಲಿಸುವವರು ಕಡಿಮೆ. ಯೂರೋಪು, ಅಮೆರಿಕದಿಂದ ಮೂಟೆಗಟ್ಟಲೆ ಬರುವ ಮಿಟುಂಬಾ ಎಂಬ ಹಳೆಬಟ್ಟೆ ನೈರೋಬಿಯ ಗಿಕೊಂಬಾ, ಕಂಪಾಲಾದ ಓವಿನೊ ಮಾರುಕಟ್ಟೆಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. 2016ರಲ್ಲಿ ಪೂರ್ವ ಆಫ್ರಿಕಾ ಸಮುದಾಯದ ದೇಶಗಳು ಅದನ್ನು ಹಂತಹಂತವಾಗಿ ನಿಲ್ಲಿಸಲು ನಿರ್ಧರಿಸಿದವು. ಸುಂಕ ಏರಿಸಿ ಪಟ್ಟು ಹಿಡಿದ ರುವಾಂಡಾಕ್ಕೆ ಅಮೆರಿಕ 2018ರಲ್ಲಿ ಉಡುಪು ರಫ್ತಿನ ರಿಯಾಯಿತಿಯನ್ನೇ ತಡೆಹಿಡಿಯಿತು. ಹಾಗಾಗಿ ಹೊಲಿಗೆಯವಳಿಗೆ ಉಳಿಯುವುದು ಶಾಲಾ ಸಮವಸ್ತ್ರ, ಮದುವೆ ಮತ್ತು ಚರ್ಚಿಗೆ ಕಿಟೆಂಗೆ ಉಡುಪು, ಮಿಟುಂಬಾ ಬಟ್ಟೆಯನ್ನು ಮೈಯಳತೆಗೆ ಇಳಿಸುವ ಕೆಲಸ. ಕೀನ್ಯಾ, ಟಾಂಜಾನಿಯಾಗಳಲ್ಲಿ ಶಾಲೆ ತೆರೆಯುವುದು ಜನವರಿಯಲ್ಲಿ, ಆದ್ದರಿಂದ ಸಮವಸ್ತ್ರದ ಕೆಲಸವೆಲ್ಲ ಡಿಸೆಂಬರ್-ಜನವರಿಯಲ್ಲೇ ಮುಗಿಬೀಳುತ್ತದೆ. ಆ ಆರು ವಾರ ಒಂದು ಬಾಬಿನ್ ಕೇಸಿಗಾಗಿ ಮಷಿನ್ ನಿಂತರೆ ವರ್ಷದ ಗಳಿಕೆಯೇ ಹೋದಂತೆ. ಹೆಚ್ಚುವರಿ ಬಿಡಿಭಾಗಕ್ಕೆ ಇಷ್ಟು ಒತ್ತು ಕೊಡುವುದು ಇದಕ್ಕೇ.

ತೊಳೆದು ಬಳಸುವ ಮುಟ್ಟಿನ ಪ್ಯಾಡು ಹೊಲಿಯುವುದು ಇನ್ನೊಂದು ದಾರಿ. ಉಗಾಂಡದ ಆಫ್ರಿಪ್ಯಾಡ್ಸ್ ಇದನ್ನೇ ದೊಡ್ಡದಾಗಿ ಬೆಳೆಸಿದೆ. ಈ ಮಷಿನ್‌ನಲ್ಲೂ ಹೊಲಿಯಬಹುದು, ಆದರೆ ನೀರು ಸೋರದ ಪದರದ ನಡುಭಾಗದಲ್ಲಿ ಹೊಲಿಗೆ ಬೀಳಬಾರದು. ಸೂಜಿ ಹೊಕ್ಕ ಪ್ರತಿ ತೂತೂ ಸೋರುವ ಜಾಗ. ಹೊಲಿಗೆಯೆಲ್ಲ ಅಂಚಿನಲ್ಲೇ ಇರಲಿ.

ಬೇರೆ ದೇಶದಿಂದ ಹಳೆ ಮಷಿನ್ ಕಳಿಸುವ ಯೋಚನೆ ಇದ್ದವರಿಗೆ ಒಂದು ಮಾತು. ಇಂಗ್ಲೆಂಡಿನ ಟೂಲ್ಸ್ ಫಾರ್ ಸೆಲ್ಫ್ ರಿಲಯನ್ಸ್ ಎಂಬ ಸೇವಾಸಂಸ್ಥೆ ಹಳೆ ಉಪಕರಣಗಳನ್ನು ಪೂರ್ತಿ ದುರಸ್ತಿ ಮಾಡಿ, ಕಸುಬಿಗೆ ತಕ್ಕ ಕಿಟ್ ಆಗಿ ಜೋಡಿಸಿ ಆಫ್ರಿಕಾಕ್ಕೆ ಕಳಿಸಿದೆ. ಅಷ್ಟು ಶ್ರಮ ಪಡಲಾಗದಿದ್ದರೆ ಬೇಡ. ದೋಣಿಯಾಕಾರದ ಶಟಲ್ ಇರುವ ಹಳೆ ಸಿಂಗರ್ ನೋಡಲು ಚೆಂದ, ಆದರೆ ಅದರ ಉದ್ದನೆಯ ಬಾಬಿನ್ ಸಂತೆಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಅಮೆರಿಕದ 110 ವೋಲ್ಟ್ ಮಷಿನ್ 240 ವೋಲ್ಟಿನ ಪ್ಲಗ್ಗಿಗೆ ನೇರವಾಗಿ ಹಾಕಿ ಓಡಿಸಿದರೆ ಸುಟ್ಟುಹೋಗುತ್ತದೆ. ಅಲ್ಲಿಯೇ ಕೊಳ್ಳಿ, ಮುಂದೆ ಬಿಡಿಭಾಗ ಕೊಡಬೇಕಾದವನೂ ಆ ಅಂಗಡಿಯವನೇ.

ಅಂಗಡಿಯಲ್ಲಿ ಕೊಳ್ಳುವಾಗ ಪೆಟ್ಟಿಗೆ ತೆಗೆಸಿ. ಕೈಚಕ್ರವನ್ನು ಒಂದೇ ಬೆರಳಲ್ಲಿ ತಿರುಗಿಸಿ, ಎಲ್ಲೂ ತಡೆಯಬಾರದು. ಸೂಜಿಕಂಬಿಯನ್ನು ಹಿಡಿದು ಅಲ್ಲಾಡಿಸಿ, ಆಟ ಇರಬಾರದು. ದಾರವಿಲ್ಲದೆ ಒಂದು ಕಾಗದ ಹೊಲಿದು, ಅದೇ ತೂತುಗಳ ಮೇಲೆ ಇನ್ನೊಮ್ಮೆ ಓಡಿಸಿ. ಎರಡನೇ ಸಾಲು ಮೊದಲನೆಯದರ ಮೇಲೆಯೇ ಬಿದ್ದರೆ ಹಲ್ಲೂ ಪಾದವೂ ನೆಟ್ಟಗಿವೆ. ಖಾಕಿಯ ನಾಲ್ಕು ಪದರ ಮಡಿಸಿ ಹೊಲಿದು ನೋಡದೆ ದುಡ್ಡು ಕೊಡಬೇಡಿ.

ಕೊನೆಗೆ, ಮಷಿನ್ ಯಾರ ಮನೆ ಸೇರಬೇಕು? ಯೂನಿಸೆಫ್ ಲೆಕ್ಕದಲ್ಲಿ ತಂದೆ ತಾಯಿಯರಲ್ಲಿ ಒಬ್ಬರನ್ನು ಕಳೆದುಕೊಂಡ ಮಗುವೂ ಅನಾಥವೇ. ಏಡ್ಸ್ ಮನೆಮನೆಗಳನ್ನು ಬರಿದು ಮಾಡಿದ ಕಾಲದಲ್ಲೂ ಅಲ್ಲಿನ ಅನಾಥ ಮಕ್ಕಳಲ್ಲಿ ಹೆಚ್ಚಿನವರನ್ನು ಸಾಕಿದ್ದು ಅನಾಥಾಶ್ರಮಗಳಲ್ಲ, ಅಜ್ಜಿಯರು, ಚಿಕ್ಕಮ್ಮಂದಿರು. ಮಗು ಆದಷ್ಟೂ ಬಂಧುಗಳ ಮನೆಯಲ್ಲೇ ಬೆಳೆಯಲಿ ಎಂದು 2009ರ ವಿಶ್ವಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ರುವಾಂಡಾ 2012ರಿಂದ ಅನಾಥಾಶ್ರಮಗಳನ್ನು ಮುಚ್ಚುತ್ತ ಬಂದಿದೆ, ಕೀನ್ಯಾ 2022ರಿಂದ 2032ರವರೆಗಿನ ಹತ್ತು ವರ್ಷದ ಯೋಜನೆ ಹಾಕಿಕೊಂಡಿದೆ. ಹಾಗಾಗಿ ಹಾಸ್ಟೆಲ್ ಸೇರಿಸಿಕೊಂಡು ಕಲಿಸುವ ಕೇಂದ್ರಕ್ಕಿಂತ, ಮಕ್ಕಳು ಬೆಳಿಗ್ಗೆ ಬಂದು ಸಂಜೆ ಅಜ್ಜಿಯ ಮನೆಗೆ ಮರಳುವ ಕೇಂದ್ರಕ್ಕೆ ಮಷಿನ್ ಕೊಡಿ. ಕೋರ್ಸ್ ಮುಗಿದ ದಿನ ಮಷಿನ್ ಕಲಿತ ಹುಡುಗಿಯ ಜೊತೆ ಮನೆಗೆ ಹೋಗಲಿ. ತಂದೆ ಸತ್ತ ಮೇಲೆ ಮನೆಯ ಆಸ್ತಿಯನ್ನು ನೆಂಟರು ಎತ್ತಿಕೊಂಡು ಹೋಗುವುದು ಅಲ್ಲಿ ವಿಧವೆಯರೂ ಅನಾಥರೂ ಬಲ್ಲ ಸಂಕಟ, ಮಷಿನ್‌ಗೂ ಆ ಗತಿ ಬರಬಹುದು. ತಳದ ಮೇಲೆ ಅಚ್ಚೊತ್ತಿದ ಸೀರಿಯಲ್ ನಂಬರನ್ನು ರಸೀದಿಯಲ್ಲಿ ಬರೆದು, ಅವಳದೇ ಹೆಸರಿಗೆ ಮಾಡಿ, ಒಂದು ಪ್ರತಿ ಅವಳಿಗೆ, ಒಂದು ಅಜ್ಜಿಗೆ, ಇನ್ನೊಂದು ಊರಿನ ಮುಖ್ಯಸ್ಥನಿಗೆ ಕೊಡಿ.